ಹಿತ್ತಲಲ್ಲಿ ಚೌಕದ ದಂಟು

ಜೂನ್ 30, 2024, ಭಾನುವಾರ
ತೀರ್ಥಹಳ್ಳಿ ಹತ್ತಿರ

ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಅನ್ನೋದು ಸುಳ್ಳಲ್ಲ. ಮಧ್ಯಾಹ್ನ ಮೂರಕ್ಕೆ ಸ್ವಲ್ಪ ಹೊಳವಾಯಿತು. ಮಗಳು, ಅಣ್ಣನ ಮಗ ಇಬ್ಬರೂ ಉಂಬಳಕ್ಕೆ (ರಕ್ತ ಹೀರುವ ಜಿಗಣೆ) ಹೆದರಿ ಕಾಲಿಗೆ ಸುಣ್ಣ ಬಳಿದುಕೊಂಡು ಹಿತ್ತಲಿಗೆ ಓಡಿದರು.

ಕೊತ್ತಂಬರಿ ಕೊಳೆತುಹೋಗಿತ್ತು. ತಪ್ಪು ನನ್ನದೇ. ಮೂರು ವಾರದ ಹಿಂದೆ ಒಂದು ಕಾಳಿನೊಳಗೆ ಎರಡು ಬೀಜ ಇರುತ್ತದೆ ಅಂತ ತೋರಿಸಿ, ಚಪ್ಪಲಿಯಲ್ಲಿ ಉಜ್ಜಿ ಒಡೆಸಿ (ಅದೇ ಅವರಿಗೆ ಹಬ್ಬ), ಅಡಿಕೆ ಹಾಳೆಯಲ್ಲಿ ಮಣ್ಣು ತುಂಬಿ ಬಿತ್ತಿಸಿದ್ದೆ. ಚೆಂದ ಮೊಳೆತಿತ್ತು. ಆದರೆ ಹಾಳೆಗೆ ತೂತು ಮಾಡಿರಲಿಲ್ಲ, ಇಟ್ಟಿದ್ದು ಸೂರಿನ ನೀರು ಬೀಳುವ ಜಾಗದಲ್ಲಿ. "ನೀರು ಜಾಸ್ತಿ ಹಾಕ್ಬೇಡಿ ಅಂತ ನಮಗೆ ಬೈದಿದ್ದೆ ಅಲ್ವಾ ಅಮ್ಮ?" ಅಂದಳು ಮಗಳು.

ಒಂದೆಲಗ ಮಾತ್ರ ಹಾಳೆ ದಾಟಿ ಅಂಗಳಕ್ಕೇ ಹರಿದಿತ್ತು. ಒಂದು ಬಳ್ಳಿ ಎತ್ತಿ ನೋಡಿದರೆ ಪ್ರತಿ ಗಂಟಿನಲ್ಲೂ ಮೇಲೆ ಎಲೆ, ಕೆಳಗೆ ದಾರದಂಥ ಬಿಳಿ ಬೇರು. ಗಂಟು ಗಂಟಿಗೆ ಕತ್ತರಿಸಿದರೆ ಒಂದೊಂದೂ ಒಂದೊಂದು ಗಿಡ. ಐದು ಗಿಡ ಆಯಿತು. ಇದನ್ನೇ ಬ್ರಾಹ್ಮಿ ಅಂತಲೂ ಕರೆಯುತ್ತಾರೆ, ನೀರುಬ್ರಾಹ್ಮಿ ಬೇರೆಯೇ ಗಿಡ. ಅದಕ್ಕೇ ನಾನು ಹೆಸರಿನ ಚೀಟಿ ಬರೆದು ಕಡ್ಡಿಗೆ ಸಿಕ್ಕಿಸಿದ್ದೆ. ಶಾಯಿ ಮಳೆಗೆ ಇಳಿದುಹೋಗಿದೆ. ಹೋಗಲಿ, ಚೀಟಿ ಓದಿದವರು ನಾನೊಬ್ಬಳೇ. ಇವರು ಎಲೆ ಚಿವುಟಿ, ಕಣ್ಣು ಮುಚ್ಚಿಸಿ ಒಬ್ಬರ ಮೂಗಿಗೆ ಒಬ್ಬರು ಹಿಡಿಯುತ್ತಾರೆ. ಮಜ್ಜಿಗೆಹುಲ್ಲು, ದೊಡ್ಡಪತ್ರೆ, ಪುದೀನ ಒಂದೂ ತಪ್ಪಲಿಲ್ಲ.

ಪುದೀನ ದಂಟನ್ನು ಬೆರಳಲ್ಲಿ ಉರುಳಿಸುತ್ತಿದ್ದ ಅಣ್ಣನ ಮಗ, "ಅತ್ತೆ, ಇದು ಉರುಳಲ್ಲ, ಚೌಕ ಇದೆ" ಅಂದ. ತುಳಸಿಯದ್ದೂ ಚೌಕ. ಎರಡೂ ಒಂದೇ ಕುಟುಂಬ ಅಂದೆ. ಆಮೇಲೆ ಕೇಳಬೇಕಾ, ದಾಸವಾಳದಿಂದ ಹಿಡಿದು ಕೆಸುವಿನವರೆಗೆ ಸಿಕ್ಕ ದಂಟನ್ನೆಲ್ಲ ಉರುಳಿಸಿ ನೋಡಿದರು. ಕೆಸುವಿನ ಸೊನೆ ತಾಗಿ ಕೈ ತುರಿಕೆ ಬೇರೆ.

ರಾತ್ರಿಗೆ ಒಂದೆಲಗದ ತಂಬುಳಿ. ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು, ಎಲೆ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆ ಹಾಕಿದೆ. ಮಗಳು ಎರಡು ಸಲ ಬಡಿಸಿಕೊಂಡಳು. ಗಿಡ ನೆಟ್ಟ ಅಣ್ಣನ ಮಗ ಮುಟ್ಟಲೂ ಇಲ್ಲ, ಉಪ್ಪಿನಕಾಯಿ ಸಾಕಂತೆ.

ನಾಳೆ ಹಾಳೆಗೆ ತೂತು ಮಾಡಬೇಕು.