ಗಾಳಿ ಕೆಟ್ಟ ದಿನ, ನಿಂತ ಹೃದಯ

2.5 ಮೈಕ್ರಾನ್‌ಗಿಂತ ಸಣ್ಣ ದೂಳಿನ ಕಣ ಶ್ವಾಸಕೋಶದ ಆಳಕ್ಕಿಳಿದು ಉರಿಯೂತ ಎಬ್ಬಿಸುತ್ತದೆ, ರಕ್ತ ಹೆಪ್ಪುಗಟ್ಟಲು ದಾರಿ ಮಾಡುತ್ತದೆ, ಹೃದಯ ಬಡಿತದ ಲಯವನ್ನೂ ಕೆಡಿಸಬಲ್ಲದು. ಅಂಥ ದಿನ ಮಾಸ್ಕ್ ಹಾಕಿ ಅನ್ನುತ್ತೇವೆ. ಹೃದಯ ನಿಂತವರ ಎದೆ ಒತ್ತಲು (ಸಿಪಿಆರ್) ಬರುತ್ತಾ ಅಂತ ಯಾರೂ ಕೇಳುವುದಿಲ್ಲವಲ್ಲ ಅನ್ನೋದೇ ಬೇಸರ.

ಹೃದಯ ನಿಂತು ಕುಸಿದವರು ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಗೊರಗುಟ್ಟಿದರೆ ‘ಉಸಿರಾಡ್ತಿದ್ದಾರೆ’ ಅಂತ ಸುತ್ತಲಿನವರು ಕಾಯುತ್ತಾ ನಿಲ್ಲುತ್ತಾರೆ. ಅದು ಉಸಿರಾಟವಲ್ಲ! ಫೋನ್ ಸ್ಪೀಕರಿಗೆ ಹಾಕಿ ಆಂಬುಲೆನ್ಸ್ ಕರೆಯುತ್ತಲೇ ಎದೆಮೂಳೆಯ ಕೆಳ ಅರ್ಧಕ್ಕೆ ಅಂಗೈ ಬುಡ ಊರಿ, ಮೊಣಕೈ ಮಡಚದೆ ಒತ್ತಿ. ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲಿ, ಇಲ್ಲದಿದ್ದರೆ ಹೃದಯಕ್ಕೆ ರಕ್ತ ಸರಿಯಾಗಿ ತುಂಬುವುದಿಲ್ಲ. 2 ನಿಮಿಷಕ್ಕೊಮ್ಮೆ ಇನ್ನೊಬ್ಬರು ಒತ್ತಲಿ. ದಣಿದ ಕೈ ಒತ್ತಿದಂತೆ ಕಾಣುತ್ತದೆ, ಆಳಕ್ಕೆ ಹೋಗಿರುವುದಿಲ್ಲ. ಎಇಡಿ, ಅಂದರೆ ಎದೆಗೆ ವಿದ್ಯುತ್ ಆಘಾತ ಕೊಟ್ಟು ಹೃದಯದ ಲಯ ಸರಿಪಡಿಸುವ ಯಂತ್ರ, ಸಿಕ್ಕ ಕೂಡಲೇ ಹಚ್ಚಿ.