ಅಜ್ಜಿಯೂ ಜಿ-ಎಚ್ಚೂ

ದಸರಾ ರಜೆಗೆ ಅಣ್ಣನ ಮಗಳು ಸಾಗರಕ್ಕೆ ಬಂದಿದ್ದಳು. ಬೆಂಗಳೂರಿನಲ್ಲಿ ಆರನೇ ಕ್ಲಾಸು. ಬ್ಯಾಗಿನ ತುಂಬಾ ಹೋಮ್‌ವರ್ಕ್. ಅದರಲ್ಲಿ ಒಂದು ನನ್ನ ತಲೆಗೆ ಬಂತು. ಸ್ಪೆಲ್ಲಿಂಗಿನಲ್ಲಿ ಜಿ ಮತ್ತು ಎಚ್ ಅಕ್ಕಪಕ್ಕ ಬರುವ 25 ಇಂಗ್ಲಿಷ್ ಪದ ಬರೆಯಬೇಕು. ಒಂದೊಂದರ ಮುಂದೆಯೂ ಅದನ್ನು ಹೇಗೆ ಹೇಳುತ್ತಾರೆ ಅಂತ ಬರೆಯಬೇಕು. ನಾನು ಇಂಗ್ಲಿಷ್ ಪ್ರೂಫ್ ನೋಡಿ ಹೊಟ್ಟೆ ಹೊರೆಯುವವಳು. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಜಗಲಿಯಲ್ಲಿ ಕೂತೆವು. ಅಮ್ಮ, ಅಂದರೆ ಅವಳ ಅಜ್ಜಿ, ನವರಾತ್ರಿಗೆ ಹೂಬತ್ತಿ ಮಾಡುತ್ತಿದ್ದರು. ಅಪ್ಪ ಪೇಪರ್ ಓದುತ್ತಿದ್ದರು. ಅವರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ವೇಷವಿಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಲೆ ಅಂದರೆ ಈಗಲೂ ಊಟ ಬಿಟ್ಟು ಎದ್ದು ಹೊರಡುತ್ತಾರೆ.

ಶುರುವಿನ ಪದಗಳು ಸಲೀಸಾಗಿ ಬಂದವು. ನೈಟ್, ಲೈಟ್, ರೈಟ್, ಫೈಟ್, ಟೈಟ್, ಹೈ, ಡಾಟರ್. ಹುಡುಗಿ ಪೆನ್ನು ನಿಲ್ಲಿಸಿದಳು. "ಅತ್ತೆ, ಇದ್ರಲ್ಲಿ ಎಲ್ಲೂ ಜಿ-ಎಚ್ ಕೇಳೋದೇ ಇಲ್ವಲ್ಲ!" ಕೇಳುವಂಥದ್ದು ಬೇಕಾದರೆ ತಗೋ ಅಂತ ಲಾಫ್, ಕಾಫ್, ರಫ್, ಎನಫ್ ಹೇಳಿದೆ. ಅಲ್ಲಿ ಅದು 'ಫ್' ಆಗಿ ಕೂತಿತ್ತು. ಓ-ಯು-ಜಿ-ಎಚ್ ಸಾಲಿಗೆ ಬಂದಾಗಲಂತೂ ಅವಳಿಗೆ ಸಿಟ್ಟೇ ಬಂತು. ಅದೇ ನಾಲ್ಕು ಅಕ್ಷರ. ಆದರೆ ಒಂದು ಕಡೆ ದೋ, ಒಂದು ಕಡೆ ಥ್ರೂ, ಒಂದು ಕಡೆ ಟಫ್, ಮತ್ತೊಂದು ಕಡೆ ಪ್ಲೌ.

"ಹೇಳದೇ ಇರೋ ಅಕ್ಷರ ಬರೆಯೋದ್ಯಾಕೆ? ಶಾಯಿ ದಂಡ" ಅಂದರು ಅಮ್ಮ, ಬತ್ತಿಯಿಂದ ಕಣ್ಣೆತ್ತದೆ.

ನಾನು ಸುಮ್ನಿರಲಾಗದೆ ವಿವರಿಸಲು ಹೋದೆ. ಹಿಂದೆ ಆ ಅಕ್ಷರಗಳಿಗೆ ನಿಜವಾಗಿಯೂ ಕೆಲಸ ಇತ್ತು. ಗಂಟಲು ಕೆರೆದು ಹೊರಡಿಸುವ ಒಂಥರಾ 'ಹ' ಇಂಗ್ಲಿಷಿನಲ್ಲಿತ್ತು. ರಾತ್ರಿಯನ್ನು ಹೆಚ್ಚುಕಡಿಮೆ 'ನಿಹ್ಟ್' ಅನ್ನುತ್ತಿದ್ದರು, ಬರೆಯುವಾಗ ಬರೀ ಎಚ್ ಹಾಕುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ಫ್ರೆಂಚ್ ರೂಢಿಯಲ್ಲಿ ಬರೆಯುವ ಬರಹಗಾರರ ಕೈಯಲ್ಲಿ ನಿಧಾನಕ್ಕೆ ಆ ಎಚ್ ಹೋಗಿ ಜಿ-ಎಚ್ ಬಂತು. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚಿನ ಮನೆ ಇಟ್ಟ. ಸ್ಪೆಲ್ಲಿಂಗ್ ಕಾಗದದ ಮೇಲೆ ಗಟ್ಟಿಯಾಗುತ್ತಾ ಹೋಯಿತು. ಅದೇ ಕಾಲದಲ್ಲಿ ಲಂಡನ್ ಕಡೆಯವರ ಬಾಯಿಂದ ಆ ಸದ್ದು ಜಾರುತ್ತಾ ಬಂತು. ಕೆಲವು ಪದಗಳಲ್ಲಿ ಪೂರ್ತಿ ಹೋಯಿತು, ಕೆಲವಲ್ಲಿ 'ಫ್' ಆಗಿ ಉಳಿಯಿತು. ಸ್ಕಾಟ್ಲೆಂಡಿನಲ್ಲಿ ಇಂದಿಗೂ 'ನಿಖ್ಟ್' ಅನ್ನುವವರಿದ್ದಾರೆ.

ಇಷ್ಟಾದರೆ ಪರವಾಗಿಲ್ಲ. ಯಾವತ್ತೂ ಸದ್ದೇ ಇಲ್ಲದಿದ್ದ ಕಡೆಯೂ ಇವರು ಜಿ-ಎಚ್ ತುರುಕಿದ್ದಾರೆ. ಡಿಲೈಟ್ ಅನ್ನೋದು ಫ್ರೆಂಚಿನಿಂದ ಬಂದ ಪದ. ಮೊದಲು ಅದರಲ್ಲಿ ಜಿ-ಎಚ್ ಇರಲೇ ಇಲ್ಲ. ಲೈಟಿಗೆ ಇದೆಯಲ್ಲ, ಇದಕ್ಕೂ ಇರಲಿ ಅಂತ ಹಾಕಿಬಿಟ್ಟರು. ಘೋಸ್ಟಿನ ಎಚ್ ಕೂಡ ಅಂಥದ್ದೇ. ಕ್ಯಾಕ್ಸ್ಟನ್ ಮೊದಲು ಪುಸ್ತಕ ಅಚ್ಚು ಮಾಡಿದ್ದು ಫ್ಲೆಮಿಶ್ ಮಾತಾಡುವ ಬ್ರೂಜ್ ಊರಿನಲ್ಲಿ. ಫ್ಲೆಮಿಶಿನಲ್ಲಿ ದೆವ್ವಕ್ಕೆ ಎಚ್ ಸೇರಿಸಿ ಬರೆಯುತ್ತಿದ್ದರು. ಆ ಅಭ್ಯಾಸ ಅವನ ಅಚ್ಚಿನ ಮನೆಯಿಂದ ಇಂಗ್ಲಿಷಿನ ದೆವ್ವಕ್ಕೂ ಅಂಟಿತು ಅನ್ನುತ್ತಾರೆ. ದಿನವಿಡೀ ಸ್ಪೆಲ್ಲಿಂಗ್ ತಿದ್ದುವ ನನಗೆ ಇದನ್ನು ನೆನೆದರೆ ಮೈ ಉರಿಯುತ್ತದೆ.

ಪೇಪರಿನ ಹಿಂದಿನಿಂದ ಅಪ್ಪ ಕೇಳಿದರು. "ಜರ್ಮನ್ನಲ್ಲಿ ರಾತ್ರಿಗೆ ಏನಂತಾರೆ?" ನಾಖ್ಟ್ ಅಂದೆ. "ಹಾಗಿದ್ರೆ ನಮ್ಮ ನಕ್ತಂಚರ ನೆಂಟನೇ ಆದ!" ತಾಳಮದ್ದಲೆಯಲ್ಲಿ ರಾಕ್ಷಸರನ್ನು ಹಾಗೆ ಕರೆಯುವುದನ್ನು ಹುಡುಗಿಯೂ ಕೇಳಿದ್ದಳು. ರಾತ್ರಿ ತಿರುಗುವವನು. ಸಂಸ್ಕೃತದ ನಕ್ತದಲ್ಲಿ 'ಕ್' ಇರುವ ಜಾಗದಲ್ಲೇ ಇಂಗ್ಲಿಷಿನ ಜಿ-ಎಚ್ ಕೂತಿದೆ. ಇಂಗ್ಲಿಷಿನ ಎಂಟು, ಅಂದರೆ ಏಯ್ಟ್‌ನ ಜಿ-ಎಚ್ಚಿನ ಕಥೆಯೂ ಇಂಥದ್ದೇ, ಅಲ್ಲಿ ಮಾತ್ರ ಅದು ಕೂತಿರುವುದು ಸಂಸ್ಕೃತದ ಅಷ್ಟದ 'ಷ್' ಇರುವ ಜಾಗದಲ್ಲಿ. ಅದನ್ನು ಕಿತ್ತುಹಾಕಿದರೆ ನೆಂಟಸ್ತಿಕೆಯ ಗುರುತೇ ಹೋಗುತ್ತದೆ. ಹಾಗಾಗಿ ಡಿಲೈಟಿನದ್ದು ಬೇಕಾದರೆ ಹೋಗಲಿ, ನೈಟಿನದ್ದು ಇರಲಿ ಅನ್ನುವುದು ನನ್ನ ಪಕ್ಷ.

ಅಪ್ಪನದು ಬೇರೆ ಪಕ್ಷ. "ನಮ್ಮಲ್ಲೂ ಸದ್ದು ಹೋಗಿದೆ. ಆದ್ರೆ ನಾವು ಅಕ್ಷರವನ್ನೂ ಜೊತೆಗೇ ಕಳಿಸಿಕೊಟ್ವಿ" ಅಂತ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ೞ ಬರೆದರು. ಹಳಗನ್ನಡದಲ್ಲಿ ಮಳೆ ಮೞೆ ಆಗಿತ್ತು, ಬಾಳೆ ಬಾೞೆ ಆಗಿತ್ತು, ಏಳು ಏೞು ಆಗಿತ್ತು. ನಾಲಿಗೆ ಹಿಂದಕ್ಕೆ ಮಡಚಿ ಹೇಳುವ ಆ ಸದ್ದು ತಮಿಳು, ಮಲಯಾಳಗಳಲ್ಲಿ ಇನ್ನೂ ಇದೆ. ನಮ್ಮಲ್ಲಿ ಅದು 'ಳ'ದ ಜೊತೆ ಸೇರಿಹೋಯಿತು. ಬರಹವೂ ಬಾಯಿಯ ಹಿಂದೆಯೇ ಹೋಯಿತು. ಕೋಝಿಕೋಡ್ ಅಂತ ಟೀವಿಯವರು ಓದುತ್ತಾರಲ್ಲ, ಅಲ್ಲಿ ಇಂಗ್ಲಿಷಿನ ಜೆಡ್-ಎಚ್ ನಿಂತಿರುವುದು ಇದೇ ೞಕ್ಕೆ. 13ನೇ ಶತಮಾನದ ಹೊತ್ತಿಗೇ ಜನ ಇದನ್ನು ಬೆರೆಸಿ ಮಾತಾಡುತ್ತಿದ್ದರು. ಎಲ್ಲೆಲ್ಲಿ ೞ ಬರಬೇಕು ಅಂತ ಕೇಶಿರಾಜ ತನ್ನ ವ್ಯಾಕರಣದಲ್ಲಿ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ.

"ಪಾಪ, ಅವರಿಗೂ ಹೋಮ್‌ವರ್ಕ್ ಕೊಟ್ಟಿದ್ರಾ?" ಅಂದಳು ಹುಡುಗಿ.

ಅಮ್ಮನಿಗೆ ಗೆದ್ದ ಖುಷಿ. "ನೋಡಿದ್ಯಾ, ನಾವು ಹೇಳಿದ್ದನ್ನೇ ಬರೀತೀವಿ. ರಾಗವೇಂದ್ರ ಅಂದ್ರೆ ರಾಗವೇಂದ್ರ, ಅಷ್ಟೇ!"

ಹುಡುಗಿ ಕಿವಿ ನಿಮಿರಿಸಿದಳು. "ಅಜ್ಜಿ, ಇನ್ನೊಂದ್ಸಲ ಹೇಳಿ." ಅಮ್ಮ ಹೇಳಿದರು. ಮತ್ತೆ ರಾಗವೇಂದ್ರ. ಅಪ್ಪ ಪೇಪರಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಕನ್ನಡದಲ್ಲಿ ಬರೆಯುವುದು ರಾಘವೇಂದ್ರ. ಇಂಗ್ಲಿಷಿನಲ್ಲಿ ಬರೆದರೆ ಅಲ್ಲೂ ಅದೇ ಜಿ-ಎಚ್! ನಮ್ಮ ಮನೆ ದೇವರ ಮುಂದಿನ ಘಂಟೆಯೂ ಅಮ್ಮನ ಬಾಯಲ್ಲಿ ಗಂಟೆಯೇ. ಅಮ್ಮ ಒಬ್ಬರೇ ಅಲ್ಲ. ಕನ್ನಡಿಗರಲ್ಲಿ ಎಷ್ಟೋ ಜನ ದಿನದ ಮಾತಿನಲ್ಲಿ ಮಹಾಪ್ರಾಣ ಹೇಳುವುದಿಲ್ಲ. ಹೇಳದಿದ್ದ ಮೇಲೆ ಬರೆಯುವುದೂ ಬೇಡ ಅಂತ ಭಾಷಾ ವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದಿಸಿದರು. ತಮ್ಮ ಪುಸ್ತಕಗಳ ಮೇಲೆ ತಮ್ಮ ಹೆಸರನ್ನೇ 'ಬಟ್' ಅಂತ ಅಚ್ಚು ಹಾಕಿಸಿಕೊಂಡರು. ಇದನ್ನು ಹೇಳಿದ್ದೇ ತಡ, ಅಪ್ಪನ ನಗು ನಿಂತಿತು. ಅಲ್ಪಪ್ರಾಣ ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವರು ಅವರು. "ಮಹಾಪ್ರಾಣ ತೆಗೆದ್ರೆ ತಾಳಮದ್ದಲೆಯ ಅರ್ಥಗಾರಿಕೆ ಉಳಿಯುತ್ತಾ?" ಅಂತ ಶುರು ಮಾಡಿದರು. ಈಗ ಅಕ್ಷರ ಉಳಿಸುವ ಪಕ್ಷಕ್ಕೆ ಅವರೇ ಬಂದಿದ್ದರು. ಅಮ್ಮ ಬತ್ತಿ ಹೊಸೆಯುತ್ತಾ "ನನ್ನ ಪ್ರಾಣ ಇಷ್ಟೇ ಇರೋದು" ಅಂದರು.

ಸಂಜೆಗೆ ಪಟ್ಟಿ ಮುಗಿಯುತ್ತಾ ಬಂತು. ಒಂದು ಪದ ಕಡಿಮೆ ಬಿತ್ತು. ಒಲೆಯ ಮೇಲೆ ಬೆಣ್ಣೆ ಕಾಯುತ್ತಿತ್ತಲ್ಲ, ತುಪ್ಪ ಬರಿ ಅಂದೆ. ಇಂಗ್ಲಿಷ್ ಡಿಕ್ಷನರಿಯಲ್ಲಿ ಘೀ ಇದೆ. ಹಿಂದಿಯಿಂದ ಹೋದದ್ದು, ಅದರ ಬೇರು ಸಂಸ್ಕೃತದ ಘೃತ. "ಅಂತೂ ನಿಜವಾದ ಘ ಇರೋ ಒಂದು ಪದ ಸಿಕ್ತು" ಅಂತ ಅಪ್ಪ ಖುಷಿಪಟ್ಟರು. ಹುಡುಗಿ ಉಚ್ಚಾರ ಬರೆಯಲು ನನ್ನ ಫೋನಿನ ಡಿಕ್ಷನರಿಯಲ್ಲಿ ಸ್ಪೀಕರ್ ಗುಂಡಿ ಒತ್ತಿದಳು. ಒಬ್ಬ ಇಂಗ್ಲಿಷ್ ಹೆಂಗಸು ಸ್ಪಷ್ಟವಾಗಿ "ಗೀ" ಅಂದಳು.

"ನೋಡಿ, ಅವಳೂ ನನ್ನ ಹಾಗೇ" ಅಂದರು ಅಮ್ಮ.