ಇನ್ನೂ ಸರಳೆ ವರಸೆ ಹೇಳಿಕೊಡುತ್ತೀರಾ?

ಕಛೇರಿ ಮುಗಿದು ವೀಣೆಯನ್ನು ಪೆಟ್ಟಿಗೆಯೊಳಗೆ ಮಲಗಿಸುವ ಹೊತ್ತಿಗೆ ವೇದಿಕೆಯ ಪಕ್ಕಕ್ಕೆ ಬಂದು ಮಾತನಾಡಿಸುವವರಲ್ಲಿ ಒಬ್ಬರಾದರೂ ಈ ಪ್ರಶ್ನೆಯನ್ನು ಕೇಳದೆ ಹೋಗುವುದಿಲ್ಲ. “ಇಷ್ಟೊಂದು ಊರುಗಳಲ್ಲಿ ನುಡಿಸ್ತೀರಿ, ಇನ್ನೂ ಮನೇಲಿ ಕೂತು ಮಕ್ಕಳಿಗೆ ಸರಳೆ ವರಸೆ ಹೇಳ್ಕೊಡ್ತೀರಂತಲ್ಲ, ಯಾಕೆ ಮೇಡಂ?” ಸರಳೆ ವರಸೆ ಎಂದರೆ ಸಂಗೀತ ಕಲಿಕೆಯ ಮೊಟ್ಟಮೊದಲ ಸ್ವರಪಾಠ. ಕೇಳುವವರ ದನಿಯಲ್ಲಿ ಮೆಚ್ಚುಗೆಗಿಂತ ಕನಿಕರವೇ ಹೆಚ್ಚಿರುತ್ತದೆ. ಕಛೇರಿಗಳು ಸಾಲದೆ ಹೊಟ್ಟೆಪಾಡಿಗೆ ಪಾಠ ಹಿಡಿದಿದ್ದೇವೆ ಎಂದು ಕೆಲವರ ಊಹೆ. ಕಛೇರಿಯ ಗೀಳಿಗೆ ಪಾಠವನ್ನು ಬಲಿಗೊಡುತ್ತಿದ್ದೇವೆ ಎಂಬ ಅನುಮಾನ ಮಕ್ಕಳ ತಂದೆತಾಯಿಗಳದು. ಹದಿನಾಲ್ಕು ವರ್ಷಗಳಿಂದ ನಾನು ವೀಣೆಯನ್ನೂ ನನ್ನ ಗೆಳತಿ ಪಿಟೀಲನ್ನೂ ಹಿಡಿದು ಒಟ್ಟಿಗೆ ನುಡಿಸುತ್ತಿದ್ದೇವೆ. ಅಷ್ಟೇ ವರ್ಷಗಳಿಂದ ವಾರದ ನಾಲ್ಕು ದಿನ ಮೈಸೂರಿನ ಸರಸ್ವತೀಪುರದಲ್ಲಿರುವ ನನ್ನ ಮನೆಯಲ್ಲಿ, ಭಾನುವಾರ ಮಂಡ್ಯದಲ್ಲಿರುವ ಅವಳ ತಾಯಿಯ ಮನೆಯಲ್ಲಿ ಪಾಠವೂ ನಡೆಯುತ್ತಿದೆ. ವೇದಿಕೆಯ ಪಕ್ಕದಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಣದ ವಿಷಯವನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ಅದನ್ನು ಮರೆಮಾಚಿ ಉತ್ತರಿಸಿದರೆ ಉಳಿದದ್ದು ಡಾಂಭಿಕವಾಗುತ್ತದೆ. ದಸರಾ, ರಾಮನವಮಿ, ಡಿಸೆಂಬರ್ ತಿಂಗಳುಗಳಲ್ಲಿ ಕಛೇರಿಗಳು ಒಂದರ ಮೇಲೊಂದು ಬರುತ್ತವೆ. ಆಷಾಢದಲ್ಲಿ ಫೋನು ಸದ್ದೇ ಮಾಡುವುದಿಲ್ಲ. ಜೋಡಿಯಾಗಿ ನುಡಿಸುವವರಿಗೆ ಇನ್ನೊಂದು ಕಷ್ಟವಿದೆ. ಕಛೇರಿ ಏರ್ಪಡಿಸುವ ಸಭೆಯವರು ಕೊಡುವುದು ಸಾಮಾನ್ಯವಾಗಿ ಒಬ್ಬ ಮುಖ್ಯ ಕಲಾವಿದರ ಸಂಭಾವನೆ, ಅದನ್ನು ಇಬ್ಬರು ಹಂಚಿಕೊಳ್ಳಬೇಕು, ಮೃದಂಗ ಮತ್ತು ಘಟದವರ ಪಾಲಿನಲ್ಲಿ ಕಡಿತ ಮಾಡುವಂತಿಲ್ಲ. 1960ರ ದಶಕದಲ್ಲೇ ಪಿಟೀಲು ವಿದ್ವಾಂಸ ಲಾಲ್ಗುಡಿ ಜಯರಾಮನ್ ಅವರು ಪಿಟೀಲು, ಕೊಳಲು, ವೀಣೆಗಳನ್ನು ಒಂದೇ ವೇದಿಕೆಯಲ್ಲಿ ಸರಿಸಮವಾಗಿ ಕೂರಿಸಿ ತೋರಿಸಿದ್ದರೂ, ನಮ್ಮ ಆಹ್ವಾನ ಪತ್ರಿಕೆಗಳಲ್ಲಿ ಇಂದಿಗೂ ಗೆಳತಿಯ ಹೆಸರು ಪಕ್ಕವಾದ್ಯದ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗುವುದುಂಟು. ಹೀಗಾಗಿ ತಿಂಗಳ ಮೊದಲ ವಾರದಲ್ಲಿ ಬರುವ ಪಾಠದ ಶುಲ್ಕ ನಮ್ಮ ಮನೆಯ ದಿನಸಿಗೂ ನನ್ನ ವೀಣೆಯ ತಂತಿಗೂ ಆಧಾರವಾಗಿದೆ ಎಂಬುದು ನಿಜ. ಆದರೆ ನಾಳೆಯೇ ಕಛೇರಿಗಳಿಂದ ಎರಡರಷ್ಟು ಹಣ ಬಂದರೂ ನಾವು ಪಾಠ ನಿಲ್ಲಿಸುವುದಿಲ್ಲ. ಅದಕ್ಕೆ ಕಾರಣ ಬೇರೆ ಇದೆ, ಅದನ್ನು ಹೇಳಬೇಕಾದರೆ ಮೊದಲು ನನ್ನದೇ ಒಂದು ಪೇಚಿನ ಪ್ರಸಂಗವನ್ನು ಹೇಳಬೇಕು.

ವೀಣೆಯಲ್ಲಿ 24 ಮೆಟ್ಟಿಲುಗಳಿರುತ್ತವೆ. ಅವು ಗಿಟಾರಿನಲ್ಲಿರುವಂತೆ ಮರದೊಳಗೆ ನಾಟಿದವಲ್ಲ. ದಂಡಿಯ ಮೇಲೆ ಎರಡು ಸಾಲಾಗಿ ಕಟ್ಟಿದ ಕಪ್ಪು ಮೇಣದ ದಿಂಡಿನ ಮೇಲೆ ಕುಳಿತ ಲೋಹದ ಪಟ್ಟಿಗಳು. ಈ ಮೇಣವನ್ನು ಹದಮಾಡಿ, ಒಂದೊಂದೇ ಸ್ವರವನ್ನು ಕಿವಿಯಿಂದ ನೋಡಿ ಮೆಟ್ಟಿಲುಗಳನ್ನು ಕೂರಿಸುವುದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ರಾಮನವಮಿಯ ಉತ್ಸವಕ್ಕೆಂದು ಬಳ್ಳಾರಿ ಕಡೆಯ ಒಂದು ಊರಿಗೆ ಹೋಗಿದ್ದೆವು. ದಾರಿಯಲ್ಲಿ ಊಟಕ್ಕೆಂದು ನಿಲ್ಲಿಸಿದಾಗ ಕಾರನ್ನು ಮರದ ನೆರಳಿನಲ್ಲೇ ನಿಲ್ಲಿಸಿದ್ದೆವು, ಆದರೆ ನೆರಳು ನಮಗಾಗಿ ಕಾಯಲಿಲ್ಲ. ಸಂಜೆ ಶ್ರುತಿ ಮಾಡಲು ಕುಳಿತಾಗ ಮೇಣ ಮೆತ್ತಗಾಗಿ ಎರಡು ಮೆಟ್ಟಿಲುಗಳು ಸರಿದಿರುವುದು ತಿಳಿಯಿತು. ಗಾಂಧಾರದ (ಗ ಸ್ವರದ) ಮೆಟ್ಟಿಲು ಸರಿದು ಸ್ವರ ಕೂದಲೆಳೆಯಷ್ಟು ತಗ್ಗಿತ್ತು. ತಗ್ಗಿದ ಸ್ವರವನ್ನು ತಂತಿ ಎಳೆದು ಮೇಲಕ್ಕೆ ತರಬಹುದು. ಶುದ್ಧ ಮಧ್ಯಮದ (ಮ ಸ್ವರದ) ಮೆಟ್ಟಿಲು ಮಾತ್ರ ಎದುರು ದಿಕ್ಕಿಗೆ ಸರಿದು ಸ್ವರ ಏರಿಬಿಟ್ಟಿತ್ತು. ಏರಿದ ಸ್ವರವನ್ನು ಇಳಿಸಲು ಬೆರಳಿಗೆ ಯಾವ ಉಪಾಯವೂ ಇಲ್ಲ.

ಪರದೆ ಏಳಲು ಹತ್ತು ನಿಮಿಷವಿತ್ತು. ನಾನು ಗೆಳತಿಯ ಕಡೆ ನೋಡಿ “ಮಧ್ಯಮ ಹೋಗಿದೆ ಕಣೇ” ಎಂದೆ. ಅವಳು ಕಮಾನಿಗೆ ರೋಸಿನ್ ಉಜ್ಜುತ್ತಲೇ “ಹಾಗಾದ್ರೆ ಖರಹರಪ್ರಿಯ ಬೇಡ, ಮೋಹನ ಎತ್ಕೋ” ಎಂದಳು. ಮೋಹನದಲ್ಲಿ ಮಧ್ಯಮವೇ ಇಲ್ಲ. ಉಳಿದ ರಾಗಗಳಲ್ಲಿ ಮಧ್ಯಮ ಬಂದಾಗ ನಾನು ಕೆಳಗಿನ ಮೆಟ್ಟಿಲಿನಿಂದಲೇ ತಂತಿಯನ್ನು ಎಳೆದು ಅದನ್ನು ಮುಟ್ಟಿಸುತ್ತಿದ್ದೆ, ಮಧ್ಯಮದ ಮೇಲೆ ನಿಲ್ಲಬೇಕಾದ ಕಡೆಗಳಲ್ಲೆಲ್ಲ ಅವಳು ಕಮಾನನ್ನು ಉದ್ದಕ್ಕೆ ಎಳೆದು ತಾನೇ ನಿಲ್ಲುತ್ತಿದ್ದಳು. ಎರಡೂವರೆ ಗಂಟೆ ಹೀಗೆಯೇ ನಡೆಯಿತು. ಕೊನೆಗೆ ಶಾಲು ಹೊದಿಸಿದವರು “ಇಂದು ವೀಣೆ ಪಿಟೀಲು ಒಂದೇ ಉಸಿರಿನಲ್ಲಿ ನುಡಿದವು” ಎಂದು ಹೊಗಳಿದರು. ಆ ಹೊಗಳಿಕೆ ಸುಳ್ಳೇನಲ್ಲ. ಒಬ್ಬರ ಕೊರತೆಯನ್ನು ಇನ್ನೊಬ್ಬರು ಸದ್ದಿಲ್ಲದೆ ತುಂಬುವುದು ಜೋಡಿ ವಾದನದ ಬಹುದೊಡ್ಡ ಕೌಶಲ, ನಾವು ಅದನ್ನು ನೂರಾರು ಕಛೇರಿಗಳಲ್ಲಿ ಸಾಣೆ ಹಿಡಿದುಕೊಂಡಿದ್ದೇವೆ. ಅದೇ ಕೌಶಲ ನಮ್ಮಿಂದಲೇ ಏನನ್ನು ಮುಚ್ಚಿಡುತ್ತಿದೆ ಎಂಬುದು ಮಾತ್ರ ನಮಗೆ ಗೊತ್ತಿರಲಿಲ್ಲ.

ಅದನ್ನು ತೋರಿಸಿದವಳು ಮಂಡ್ಯದ ಪಾಠಕ್ಕೆ ಬರುವ ಒಬ್ಬ ಹುಡುಗಿ. ಆಗ ಅವಳಿಗೆ ಹನ್ನೆರಡು ವರ್ಷ, ಸಂಗೀತದ ಸೀನಿಯರ್ ಪರೀಕ್ಷೆಗೆ ಕಟ್ಟಿದ್ದಳು. ಮಂಡ್ಯದಲ್ಲಿ ನಮ್ಮ ವ್ಯವಸ್ಥೆ ಹೇಗೆಂದರೆ, ವೀಣೆ ಕಲಿಯುವ ಮಕ್ಕಳೂ ಪಿಟೀಲು ಕಲಿಯುವ ಮಕ್ಕಳೂ ಒಂದೇ ನಡುಮನೆಯಲ್ಲಿ ಕೂರುತ್ತಾರೆ, ಇಬ್ಬರೂ ಒಟ್ಟಿಗೆ ಪಾಠ ಹೇಳುತ್ತೇವೆ. ಸ್ಥಳವಿಲ್ಲದ್ದಕ್ಕೆ ಮಾಡಿಕೊಂಡ ಏರ್ಪಾಡೇ ಹೊರತು ಅದರ ಹಿಂದೆ ಯಾವ ಶಿಕ್ಷಣ ತತ್ತ್ವವೂ ಇರಲಿಲ್ಲ. ಆ ಭಾನುವಾರ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಆಭೋಗಿ ರಾಗದ ವರ್ಣ (ಅಭ್ಯಾಸಕ್ಕೂ ಕಛೇರಿಯ ಆರಂಭಕ್ಕೂ ನುಡಿಸುವ ರಚನೆ) ನಡೆಯುತ್ತಿತ್ತು. ಆಭೋಗಿಯಲ್ಲಿ ಪಂಚಮವೂ ನಿಷಾದವೂ ಇಲ್ಲವಾದ್ದರಿಂದ ರಾಗದ ಮುಖವೆಲ್ಲ ಗಾಂಧಾರದಲ್ಲೇ ಇರುತ್ತದೆ. ನಾನು ಒಂದು ಸಾಲನ್ನು ಮೊದಲ ಕಾಲದಲ್ಲಿ, ಅಂದರೆ ನಿಧಾನಗತಿಯಲ್ಲಿ, ನುಡಿಸಿ ತೋರಿಸಿದೆ, ಅದೇ ಸಾಲನ್ನು ಗೆಳತಿ ಪಿಟೀಲಿನ ಮಕ್ಕಳಿಗೆ ತೋರಿಸಿದಳು. ಹುಡುಗಿ ಕೈಯೆತ್ತಿ, “ಮಿಸ್, ನೀವು ಗಾ ಕೆಳಗಿಂದ ತರ್ತಿದೀರಾ, ಅವರು ಮೇಲಿಂದ ತರ್ತಿದಾರೆ. ಯಾವುದನ್ನ ನುಡಿಸ್ಲಿ?” ಎಂದಳು.

ಅವಳು ಹೇಳಿದ್ದು ನಿಜವಾಗಿತ್ತು. ನಾನು ರಿಷಭದ ಮೆಟ್ಟಿಲಿನ ಮೇಲೆ ತಂತಿಯನ್ನು ಮೀಟಿ ಎಳೆದು ಗಾಂಧಾರಕ್ಕೆ ಏರುತ್ತಿದ್ದೆ. ಗೆಳತಿ ಮಧ್ಯಮವನ್ನು ಸೋಕಿ ಬೆರಳನ್ನು ಹಿಂದಕ್ಕೆ ಜಾರಿಸಿ ಗಾಂಧಾರಕ್ಕೆ ಇಳಿಯುತ್ತಿದ್ದಳು. ಎರಡೂ ಆಭೋಗಿಗೆ ಒಪ್ಪುವ ಗಮಕಗಳೇ, ಯಾರದೂ ತಪ್ಪಲ್ಲ. ಆದರೆ ಒಂದೇ ಸಾಲನ್ನು ಇಬ್ಬರು ಒಟ್ಟಿಗೆ ನುಡಿಸುವಾಗ ಒಬ್ಬರು ಏರುತ್ತಿದ್ದು ಇನ್ನೊಬ್ಬರು ಇಳಿಯುತ್ತಿದ್ದರೆ ನಡುವೆ ಒಂದು ಕ್ಷಣ ಎರಡು ಸ್ವರಗಳು ಉಜ್ಜಿಕೊಳ್ಳುತ್ತವೆ. ಆ ವರ್ಣದಿಂದಲೇ ನಾವು ಎಷ್ಟೋ ಕಛೇರಿಗಳನ್ನು ಆರಂಭಿಸಿದ್ದೆವು. ಕಛೇರಿಯ ವೇಗದಲ್ಲಿ ಪಿಟೀಲಿನ ನಾದ ಕಡಿಯದೆ ಹರಿಯುವುದರಿಂದಲೂ ವೀಣೆಯ ನಾದ ಮೀಟಿದ ಕೂಡಲೇ ಕರಗತೊಡಗುವುದರಿಂದಲೂ ಆ ಉಜ್ಜಾಟ ಕೇಳುತ್ತಿರಲಿಲ್ಲ. ಕೇಳಿದಾಗಲೂ, ಬಳ್ಳಾರಿಯಲ್ಲಿ ಮಧ್ಯಮವನ್ನು ತುಂಬಿದಂತೆ, ಇಬ್ಬರಲ್ಲೊಬ್ಬರು ಅರಿವಿಲ್ಲದೆ ಅದನ್ನು ಸವರಿಬಿಡುತ್ತಿದ್ದೆವು. ಹನ್ನೆರಡು ವರ್ಷದ ಹುಡುಗಿಗೆ ಸವರಲು ಬರುವುದಿಲ್ಲ. ಅವಳಿಗೆ ಒಂದು ಬೆರಳನ್ನು ಒಂದು ಮೆಟ್ಟಿಲಿನ ಮೇಲೆ ಇಡಬೇಕಾಗಿತ್ತು, ಅದು ಯಾವುದೆಂದು ನಾವು ಹೇಳಬೇಕಾಗಿತ್ತು.

ಅಂದು ಮಧ್ಯಾಹ್ನದ ಮೆಮು ರೈಲಿನಲ್ಲಿ ಮೈಸೂರಿಗೆ ಹಿಂದಿರುಗುವಾಗ ಪಾಂಡವಪುರ ದಾಟುವವರೆಗೂ ಇಬ್ಬರೂ ಮಾತನಾಡಲಿಲ್ಲ. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಗೆಳತಿ, “ಇನ್ನೆಷ್ಟು ಕಡೆ ಹೀಗಿದ್ಯೋ” ಎಂದಳು. ಮುಂದಿನ ಮೂರು ತಿಂಗಳು ನಾವು ನುಡಿಸುವ ಪ್ರತಿಯೊಂದು ವರ್ಣವನ್ನೂ ಕೃತಿಯನ್ನೂ ಮೊದಲ ಕಾಲಕ್ಕೆ ಇಳಿಸಿ, ಮಕ್ಕಳಿಗೆ ಪಾಠ ಮಾಡುವಂತೆ ಒಬ್ಬರಿಗೊಬ್ಬರು ಪಾಠ ಮಾಡಿದೆವು. ಆಭೋಗಿಯ ಬಗ್ಗೆ ಬಂದ ತೀರ್ಮಾನ ಇದು: ರಿಷಭದಿಂದ ಏರುವ ಸಂಚಾರಗಳಲ್ಲಿ ಅವಳು ನನ್ನ ದಾರಿಗೆ ಬರಬೇಕು, ಧೈವತ ಮಧ್ಯಮಗಳಿಂದ ಇಳಿಯುವ ಸಂಚಾರಗಳಲ್ಲಿ ನಾನು ಅವಳ ದಾರಿಗೆ ಹೋಗಬೇಕು. ವೀಣೆಯಲ್ಲಿ ಹಾಗೆ ಮೇಲಿನಿಂದ ಇಳಿಯಬೇಕಾದರೆ ತಂತಿಯನ್ನು ಸದ್ದಿಲ್ಲದೆ ಮೊದಲೇ ಎಳೆದಿಟ್ಟುಕೊಂಡು, ಆಮೇಲೆ ಮೀಟಿ, ಮೀಟಿದ ನಾದ ಆರುವುದರೊಳಗೆ ಸಡಿಲಿಸಬೇಕು. ಎಳೆತದ ಅಳತೆ ಒಂದಿಷ್ಟು ತಪ್ಪಿದರೂ ಹೊರಡುವ ಸ್ವರವೇ ಅಪಸ್ವರ. ಈ ಕೆಲಸ ನನ್ನ ಎಡಗೈಗೆ ಹಿಡಿಯಲು ಆರು ವಾರ ಬೇಕಾಯಿತು, ಆ ಹುಡುಗಿಗೆ ನಾಲ್ಕೇ ವಾರ ಸಾಕಾಯಿತು.

ಹೀಗಿರುವಾಗ ಪಾಠ ಬಿಟ್ಟು ಪೂರ್ತಿ ಕಛೇರಿಗೆ ನಿಲ್ಲಿ ಎನ್ನುವವರಿಗೆ ಏನು ಹೇಳುವುದು? ನಾವು ಜೋಡಿಯಾದದ್ದು ವೇದಿಕೆಯ ಮೇಲಲ್ಲ. ಇನ್ನೊಬ್ಬರಿಗೆ ಹೇಳಿಕೊಡಬೇಕಾದಾಗಲೇ ಇಬ್ಬರೂ ಒಂದೊಂದು ಸ್ವರದ ಬಗ್ಗೆ ಬಾಯಿಬಿಟ್ಟು ಒಪ್ಪಂದಕ್ಕೆ ಬರಬೇಕಾಯಿತು.

ನಾವು ಕಟ್ಟಿರುವ ಹೊಸ ರಚನೆಗಳ ಮೂಲವೂ ಪಾಠದ ಕೋಣೆಯೇ. ನಮ್ಮ ಕಛೇರಿಯ ಕೊನೆಯ ಅರ್ಧ ಗಂಟೆಯಲ್ಲಿ ವೀಣೆಯೂ ಪಿಟೀಲೂ ಒಂದೇ ಸಾಲನ್ನು ನುಡಿಸದೆ ಬೇರೆ ಬೇರೆ ದಾರಿ ಹಿಡಿಯುವ ರಚನೆಗಳಿರುತ್ತವೆ. ಅವುಗಳಲ್ಲೊಂದು ಹುಟ್ಟಿದ್ದು ಕಾಲ ಓಡಿಸುತ್ತಿದ್ದ ಒಬ್ಬ ಹುಡುಗನನ್ನು ಹತೋಟಿಗೆ ತರಲು. ಎಷ್ಟು ತಾಳ ಹಾಕಿದರೂ ಅವನು ಎರಡನೆಯ ಕಾಲದಲ್ಲಿ ಕುದುರೆ ಏರುತ್ತಿದ್ದ. ಒಂದು ದಿನ ಗೆಳತಿ ಪಿಟೀಲು ಹಿಡಿದು, ಷಡ್ಜವೊಂದನ್ನೇ ಒಂದೇ ಕಮಾನಿನಲ್ಲಿ ಎಂಟು ಅಕ್ಷರಗಳ ಉದ್ದಕ್ಕೆ ಎಳೆದು, “ನನ್ನ ಕಮಾನು ತುದಿ ಮುಟ್ಟೋ ಹೊತ್ತಿಗೆ ನೀನು ಮುಗಿಸ್ಬೇಕು, ಮೊದಲೂ ಅಲ್ಲ, ಆಮೇಲೂ ಅಲ್ಲ” ಎಂದಳು. ಹುಡುಗ ತಾಳವನ್ನು ಬಿಟ್ಟು ಕಮಾನನ್ನೇ ನೋಡುತ್ತಾ ನುಡಿಸಿದ, ಮೊದಲ ಬಾರಿಗೆ ಓಡಲಿಲ್ಲ. ಅಂದು ರಾತ್ರಿ ನಾವಿಬ್ಬರೂ ಅದೇ ಆಟವನ್ನು ಏಳು ಎಣಿಕೆಯ ಮಿಶ್ರಛಾಪು ತಾಳದಲ್ಲಿ ಆಡಿ ನೋಡಿದೆವು: ಅವಳದು ಉದ್ದನೆಯ ಒಂದೇ ಸ್ವರ, ಅದರೊಳಗೆ ನನ್ನದು ಏಳರ ಲೆಕ್ಕ. ಅದೇ ಈಗ ಜನ ಕೇಳಿ ನುಡಿಸಿಸಿಕೊಳ್ಳುವ ರಚನೆ. ಇದು ನಮ್ಮ ಸಂಪ್ರದಾಯವಲ್ಲ ಎಂದು ಮೂಗು ಮುರಿಯುವವರು ಮೈಸೂರಿನಲ್ಲೇ ಇದ್ದಾರೆ. 94 ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ್ ಅವರೇ 1950ರಲ್ಲಿ ಲಂಡನ್ನಿನಲ್ಲಿ ಜರ್ಮನಿಯ ಸಂಗೀತ ಸಂಯೋಜಕ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ಹಾಡುಗಳ ಮೊದಲ ಪ್ರಯೋಗಕ್ಕೆ ಹಣಕಾಸಿನ ಬೆಂಬಲ ಕೊಟ್ಟಿದ್ದರು ಎಂದು ನೆನಪಿಸಿದರೆ ಅವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಇನ್ನು ತಂದೆತಾಯಿಗಳ ಅನುಮಾನ. ಊರೂರು ಸುತ್ತುವವರು ಪಾಠವನ್ನು ನೆಟ್ಟಗೆ ಹೇಳುತ್ತಾರೆಯೇ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಹಾಗೆ ನೋಡಿದರೆ ಈ ಎರಡೂ ಬೇರೆ ಬೇರೆ ವೃತ್ತಿಗಳೆಂಬ ಎಣಿಕೆಯೇ ನಮ್ಮ ಊರಿಗೆ ಹೊಸದು. ಪಿಟೀಲು ಚೌಡಯ್ಯನವರು ದಕ್ಷಿಣ ದೇಶದ ದೊಡ್ಡ ಗಾಯಕರಿಗೆಲ್ಲ ಪಕ್ಕವಾದ್ಯ ನುಡಿಸುತ್ತಾ ಊರೂರು ತಿರುಗಿದವರು, ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿದವರೂ ಅವರೇ. ಅವರ ಗುರು ಬಿಡಾರಂ ಕೃಷ್ಣಪ್ಪನವರು ಗಾಯಕರಾಗಿ ಎಷ್ಟು ಹೆಸರಾಗಿದ್ದರೋ ಶಿಷ್ಯರನ್ನು ತಿದ್ದುವುದರಲ್ಲೂ ಅಷ್ಟೇ ಹೆಸರಾಗಿದ್ದರು. ಆದರೆ ಅವರ ಕಾಲದ ಶಿಷ್ಯರು ಗುರುಗಳು ಊರಿಗೆ ಮರಳುವವರೆಗೆ ಕಾಯಬಲ್ಲವರು. ನಮ್ಮ ಮಕ್ಕಳಿಗೆ ಸೋಮವಾರ ಶಾಲೆಯ ಕಿರುಪರೀಕ್ಷೆ ಇರುತ್ತದೆ. ಆದ್ದರಿಂದ ನಾವೊಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ತಪ್ಪಿದ ಪಾಠವನ್ನು ಅದೇ ತಿಂಗಳೊಳಗೆ ತುಂಬಿಕೊಡಬೇಕು, ಸತತವಾಗಿ ಎರಡು ಭಾನುವಾರ ಮಂಡ್ಯ ತಪ್ಪುವಂತಹ ಪ್ರವಾಸವನ್ನು ಒಪ್ಪಬಾರದು. ಈ ಕಟ್ಟುಪಾಡಿನಿಂದಾಗಿ ಒಂದೆರಡು ಒಳ್ಳೆಯ ಅವಕಾಶಗಳು ಕೈತಪ್ಪಿವೆ, ಅದರ ಬಗ್ಗೆ ನನಗೆ ಬೇಸರವೂ ಇದೆ.

ಆನ್‌ಲೈನ್ ಪಾಠದಿಂದ ಇದನ್ನು ಸರಿದೂಗಿಸಬಹುದಲ್ಲ ಎನ್ನುತ್ತಾರೆ. 2020ರಲ್ಲಿ ಎಲ್ಲರಂತೆ ನಾವೂ ಅದನ್ನು ಮಾಡಿದೆವು. ಸದ್ದು ಆ ಕಡೆ ತಲುಪಿ ಈ ಕಡೆ ಬರುವುದರೊಳಗೆ ಆಗುವ ತಡದಿಂದಾಗಿ ಶಿಷ್ಯರ ಜೊತೆಯಲ್ಲೇ ನುಡಿಸುವುದು ಸಾಧ್ಯವಾಗುವುದಿಲ್ಲ; ನಾನು ಮುಗಿಸಿದ ಮೇಲೆ ಅವರು, ಅವರು ಮುಗಿಸಿದ ಮೇಲೆ ನಾನು. ಕಲಿತ ಪಾಠವನ್ನು ಒಪ್ಪಿಸಲು ಅಷ್ಟು ಸಾಕು. ಜೊತೆಯಲ್ಲಿ ನುಡಿಸುವುದನ್ನು ಕಲಿಸುವುದಕ್ಕೆ ಅದು ಸಾಲದು. ಪ್ರವಾಸದಲ್ಲಿ ಕಛೇರಿಯ ಮರುದಿನ ಸಭೆಗಳವರು ಏರ್ಪಡಿಸುವ ಒಂದು ದಿನದ ಕಾರ್ಯಾಗಾರಗಳ ಬಗ್ಗೆಯೂ ನನಗೆ ಹೆಚ್ಚಿನ ಭರವಸೆಯಿಲ್ಲ. ಎಪ್ಪತ್ತು ಜನ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳುತ್ತಾರೆ, ಪ್ರಮಾಣಪತ್ರ ಪಡೆಯುತ್ತಾರೆ, ಮುಂದಿನ ವಾರ ಅವರ ತಪ್ಪನ್ನು ತಿದ್ದಲು ಅಲ್ಲಿ ನಾವಿರುವುದಿಲ್ಲ. ಪ್ರಾತ್ಯಕ್ಷಿಕೆ ಎಂದು ಕರೆದರೆ ಸಂತೋಷದಿಂದ ಮಾಡುತ್ತೇವೆ, ಅದನ್ನು ಪಾಠ ಎಂದು ಕರೆಯುವುದು ಬೇಡ.

ಮುಂದಿನ ಭಾನುವಾರ ಧಾರವಾಡದಲ್ಲಿ ನಮ್ಮ ಕಛೇರಿಯಿದೆ, ಮಂಡ್ಯದ ಪಾಠವನ್ನು ಗುರುವಾರ ಸಂಜೆಗೆ ಹಾಕಿಕೊಂಡಿದ್ದೇವೆ. ಆಭೋಗಿಯ ಹುಡುಗಿ ಈಗ ಪ್ರಥಮ ಪಿಯುಸಿಯಲ್ಲಿದ್ದಾಳೆ, ವಿದ್ವತ್ ಪೂರ್ವ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ. ಹೋದ ವಾರ ತೋಡಿಯ ಗಾಂಧಾರದ ಬಗ್ಗೆ ಅವಳು ಮತ್ತೊಂದು ಪ್ರಶ್ನೆ ಕೇಳಿದ್ದಾಳೆ. ಅದರ ಬಗ್ಗೆ ಗೆಳತಿಗೂ ನನಗೂ ಇನ್ನೂ ಒಮ್ಮತವಾಗಿಲ್ಲ. ಧಾರವಾಡದ ಪಟ್ಟಿಯಿಂದ ಸದ್ಯಕ್ಕೆ ತೋಡಿಯನ್ನು ತೆಗೆದಿದ್ದೇವೆ.